ಸಾಂಕ್ರಾಮಿಕ ರೋಗ ಸರ್ವೇಕ್ಷಣೆಯ ಇತಿಹಾಸ: ಬೆಳ್ತಂಗಡಿಯ ಮಂಗನ ಕಾಯಿಲೆಯ ಲೆಕ್ಕ

ಗೊತ್ತುಪಡಿಸಿದ ರೋಗ ಕಂಡೊಡನೆ ಸರ್ಕಾರಕ್ಕೆ ತಿಳಿಸಬೇಕೆಂದು ವಿಧಿಸಿ, ಬಂದ ವರದಿಗಳನ್ನು ಕೂಡಿಸಿ ರೋಗದ ಏರಿಳಿತವನ್ನು ಗಮನಿಸುವ ಕೆಲಸಕ್ಕೆ ರೋಗ ಸರ್ವೇಕ್ಷಣೆ ಎನ್ನುತ್ತಾರೆ. ಭಾರತದಲ್ಲಿ ಇದರ ಇತಿಹಾಸವನ್ನು ಸಾಮಾನ್ಯವಾಗಿ ಕಾನೂನುಗಳ ಮೂಲಕ ಹೇಳುವುದು ರೂಢಿ. ಮುಂಬೈ ಪ್ಲೇಗಿನ ಬೆನ್ನಿಗೆ ಬಂದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ, 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ, 1994ರ ಸೂರತ್ ಪ್ಲೇಗಿನ ನಂತರದ ರಾಷ್ಟ್ರೀಯ ಯೋಜನೆಗಳು, 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ ಎಂದು ಆ ಕಥನ ಸಾಗುತ್ತದೆ. 1956ರವರೆಗೆ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡಕ್ಕೆ ಇವುಗಳಲ್ಲಿ ಎರಡನೆಯದೂ ಅನ್ವಯಿಸುತ್ತಿತ್ತು. ಆದರೆ ಇಂಥ ಕಾಯ್ದೆಗಳ ಅಡಿಯ ರೋಗಪಟ್ಟಿಗಳು ಕೇಳುವುದು ಹೆಸರುಳ್ಳ ರೋಗವನ್ನು. ಹೆಸರು ಗೊತ್ತಾಗುವ ಮೊದಲೇ ಜನ ಸಾಯಲು ತೊಡಗಿದರೆ ಅವರನ್ನು ಯಾವ ಪಟ್ಟಿಯಲ್ಲಿ ಬರೆಯಬೇಕು? ಧರ್ಮಸ್ಥಳದ ಆಸುಪಾಸಿನ ಕಾಡಂಚಿನಲ್ಲಿ 1982-83ರಲ್ಲಿ ನಡೆದದ್ದು ಈ ಪ್ರಶ್ನೆಯನ್ನು ಮುಂದಿಡುತ್ತದೆ. ಕಾನೂನಿನ ಯಾವ ತಿದ್ದುಪಡಿಗಿಂತಲೂ ಅದು ಈ ಇತಿಹಾಸದಲ್ಲಿ ದೊಡ್ಡ ತಿರುವು.

ಮಂಗನ ಕಾಯಿಲೆಯ ಮೊದಲ ಅಧ್ಯಾಯ ಎಲ್ಲರಿಗೂ ತಿಳಿದದ್ದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ವೈರಾಣುವನ್ನು ಬೇರ್ಪಡಿಸಿ ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ಅದನ್ನು ಹರಡುವುದು ಉಣುಗು. ಮುಂದೆ ಉತ್ತರ ಕನ್ನಡದಲ್ಲೂ ರೋಗ ಕಂಡಿತು. ಆದರೂ ಕರಾವಳಿಯ ದಕ್ಷಿಣದ ತಾಲ್ಲೂಕುಗಳ ಪಾಲಿಗೆ ಅದು ಘಟ್ಟದ ಮೇಲಿನವರ ರೋಗವಾಗಿಯೇ ಉಳಿಯಿತು.

1982ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆ ಸುತ್ತಮುತ್ತ ಜ್ವರ ಎದ್ದಿತು. ಗೇರು ತೋಟ ಎಬ್ಬಿಸಲು ಅಲ್ಲಿ ಹಳೆಯ ಕಾಡನ್ನು ಕಡಿಯಲಾಗುತ್ತಿತ್ತು. ಮರ ಕಡಿಯುವ ಕೂಲಿಗಳು, ಹಟ್ಟಿಗೆ ಸೊಪ್ಪು ತರುವ ಹೆಂಗಸರು, ದನ ಮೇಯಿಸುವವರು ಒಂದೇ ನೆಲದಲ್ಲಿ ನಡೆದಾಡುತ್ತಿದ್ದರು. ತರಗೆಲೆಯ ಮೇಲಿದ್ದ ಎಳೆ ಉಣುಗುಗಳು ಕಣ್ಣಿಗೆ ಬೀಳದಷ್ಟು ಸಣ್ಣವು. ಹೊತ್ತು ತಂದ ಸೊಪ್ಪಿನ ಹೊರೆಯಲ್ಲಿ ಅವು ಮನೆಯಂಗಳಕ್ಕೂ ಬರುತ್ತವೆ. ಆ ಹಂಗಾಮಿನ ನಷ್ಟದ ಬಗ್ಗೆ ಮೂಲಗಳಲ್ಲಿ ಒಮ್ಮತವಿಲ್ಲ. 1983ರ ಮೇ ತಿಂಗಳವರೆಗೆ 1,555 ರೋಗಿಗಳು, 150 ಸಾವು ಎಂಬ ಲೆಕ್ಕ ಮತ್ತೆ ಮತ್ತೆ ಉಲ್ಲೇಖವಾಗಿದೆ. ಅದೇ ಅವಧಿಯ ಸುತ್ತ ರಾಜ್ಯದಲ್ಲಿ 2,000ಕ್ಕೂ ಹೆಚ್ಚು ರೋಗಿಗಳಿದ್ದರು, ಸತ್ತವರು 100ಕ್ಕೂ ಕಡಿಮೆ ಎನ್ನುವ ಲೆಕ್ಕವೂ ಉಂಟು. ಮೊದಲನೆಯದನ್ನು ನಂಬಿದರೆ ರೋಗ ತಗುಲಿದ 100 ಜನರಲ್ಲಿ ಹೆಚ್ಚುಕಡಿಮೆ 10 ಮಂದಿ ಸತ್ತರು. ಎರಡನೆಯದನ್ನು ನಂಬಿದರೆ 5 ಮಂದಿಯೂ ಇಲ್ಲ. ಇದು ಬರೀ ಕೂಡು-ಕಳೆಯ ತಪ್ಪಲ್ಲ. ಹಂಗಾಮನ್ನು ಎಲ್ಲಿಂದ ಎಲ್ಲಿಗೆ ಎಣಿಸಿದರು, ರಕ್ತ ಪರೀಕ್ಷೆಯಲ್ಲಿ ಖಚಿತವಾದವರನ್ನು ಮಾತ್ರ ಹಿಡಿದರೋ ಲಕ್ಷಣ ಕಂಡವರನ್ನೆಲ್ಲ ಸೇರಿಸಿದರೋ, ಮನೆಯಲ್ಲೇ ತೀರಿಕೊಂಡವರು ಲೆಕ್ಕಕ್ಕೆ ಬಂದರೋ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಹಾಗಾಗಿ ಎರಡರಲ್ಲಿ ಒಂದನ್ನು ಸರಿಯೆಂದು ಆರಿಸುವ ಬದಲು, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದುವುದೇ ನ್ಯಾಯ.

ಕಾರಣದ ಬಗ್ಗೆಯೂ ವಾದವಿದೆ. ಕಾಡು ಕಡಿದದ್ದೇ ರೋಗ ತಂದಿತು ಎಂಬುದು ಒಂದು ಪಕ್ಷ. ಅರಣ್ಯ ಛಿದ್ರವಾದ ಕಡೆ ದನ ಮೇಯುತ್ತವೆ, ದನದ ಮೈಯಲ್ಲಿ ಉಣುಗು ಹೆಚ್ಚುತ್ತದೆ ಎಂದು 1960ರ ದಶಕದ ಅಧ್ಯಯನಗಳೇ ಹೇಳಿದ್ದವು. ವೈರಾಣು ಮೊದಲಿನಿಂದಲೂ ಅಲ್ಲೇ ಇತ್ತು, ಜನ ಗುಂಪಾಗಿ ಒಳಹೊಕ್ಕಾಗ ಕಾಣಿಸಿಕೊಂಡಿತು ಎಂಬುದು ಇನ್ನೊಂದು ಪಕ್ಷ. ಕ್ಯಾಸನೂರಿಗಿಂತ ಮೊದಲೇ, 1954ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಇದೇ ಬಳಗದ ವೈರಾಣುವಿನ ವಿರುದ್ಧದ ಪ್ರತಿಕಾಯಗಳು ಕಛ್-ಸೌರಾಷ್ಟ್ರದ ಜನರ ರಕ್ತದಲ್ಲಿ ಸಿಕ್ಕಿದ್ದವು. ಅಲ್ಲಿ ಅಂಥ ರೋಗವನ್ನು ಯಾರೂ ದಾಖಲಿಸಿರಲಿಲ್ಲ. ಈ ಎರಡು ವಾದಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲ. ಎರಡರಿಂದಲೂ ಸಿಗುವ ತೀರ್ಮಾನ ಒಂದೇ: ಪಟ್ಟಿಯಲ್ಲಿ ಸೊನ್ನೆ ಇದ್ದ ಮಾತ್ರಕ್ಕೆ ಊರಲ್ಲಿ ರೋಗವಿಲ್ಲ ಎನ್ನಲಾಗದು.

2004ರ ನವೆಂಬರಿನಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ ಈ ಕೊರತೆಗೆ ಉತ್ತರ ಹುಡುಕಿತು. ಅದರಲ್ಲಿ ನಮೂನೆಗಳು ಮೂರು: ಆರೋಗ್ಯ ಸಹಾಯಕಿ ತುಂಬುವ ‘ಎಸ್’, ವೈದ್ಯರು ತುಂಬುವ ‘ಪಿ’, ಪ್ರಯೋಗಾಲಯದ ‘ಎಲ್’. ‘ಎಸ್’ ನಮೂನೆ ರೋಗದ ಹೆಸರು ಕೇಳುತ್ತಲೇ ಇರಲಿಲ್ಲ. ಬರೀ ಜ್ವರ, ಗಂಧೆಯೊಂದಿಗೆ ಜ್ವರ, ರಕ್ತಸ್ರಾವದೊಂದಿಗೆ ಜ್ವರ, ಮಂಪರಿನೊಂದಿಗೆ ಜ್ವರ ಎಂಬ ಸಾಲುಗಳಲ್ಲಿ ಸೋಮವಾರದಿಂದ ಭಾನುವಾರದವರೆಗೆ ಎಷ್ಟು ಮಂದಿ ಎಂದಷ್ಟೇ ಕೇಳುತ್ತಿತ್ತು. ಹೆಸರಿಲ್ಲದ ಜ್ವರಕ್ಕೂ ಅಲ್ಲಿ ಜಾಗ ಸಿಕ್ಕಿತು. 2018ರಿಂದ ಇದೇ ವರದಿಗಳು ಸಮಗ್ರ ಆರೋಗ್ಯ ಮಾಹಿತಿ ವೇದಿಕೆಯ ಮೂಲಕ ದಿನದಿನವೂ ಹೋಗತೊಡಗಿದವು. ಮೊದಲು ಅದು ಬಂದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇಂಥ ಸಡಿಲ ಲೆಕ್ಕ ಗಾಬರಿ ಹುಟ್ಟಿಸುತ್ತದೆ, ಪ್ರಯೋಗಾಲಯ ಖಚಿತಪಡಿಸಿದ್ದನ್ನು ಮಾತ್ರ ಎಣಿಸಬೇಕು ಎಂಬ ಆಕ್ಷೇಪಕ್ಕೆ ಬಲವಿದೆ. 2003ರಿಂದ 2012ರವರೆಗೆ ಕರ್ನಾಟಕದಲ್ಲಿ ವರದಿಯಾದ ಮಂಗನ ಕಾಯಿಲೆಯ 3,263 ಪ್ರಕರಣಗಳಲ್ಲಿ ಖಚಿತವಾದದ್ದು 823 ಮಾತ್ರ. ಖಚಿತ ಲೆಕ್ಕವಿಲ್ಲದೆ ಲಸಿಕೆಯ ಸತ್ವವೂ ತಿಳಿಯುತ್ತಿರಲಿಲ್ಲ. 1990-92ರ ಪ್ರಯೋಗದಲ್ಲಿ ಎರಡು ಡೋಸಿಗೆ ಶೇ. 93.5 ರಕ್ಷಣೆ ಕಂಡಿದ್ದರೆ, 2005-10ರ ಅಂಕಿಗಳಲ್ಲಿ ಅದು ಶೇ. 62.4ಕ್ಕೆ ಇಳಿದಿತ್ತು. ಕೊನೆಗೆ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ಇಷ್ಟೆಲ್ಲ ಒಪ್ಪಿದರೂ, ಖಚಿತವಾಗದ ಉಳಿದವರನ್ನು ಪಟ್ಟಿಯಿಂದ ಹೊಡೆದುಹಾಕುವುದು ತಪ್ಪು. ಯಾರ ರಕ್ತವನ್ನು ತೆಗೆಯಬೇಕು, ಯಾವ ಊರಿಗೆ ಮೊದಲು ಹೋಗಬೇಕು ಎಂದು ತೋರಿಸುವುದು ಆ ಸಡಿಲ ಲೆಕ್ಕವೇ. ಎರಡೂ ಬೇಕು, ಬೇರೆಬೇರೆ ಸಾಲಿನಲ್ಲಿ ಬೇಕು. ಬೆಳ್ತಂಗಡಿಯ ಅಂಕಿಗಳು ಇಂದಿಗೂ ಕೂಡದಿರುವುದಕ್ಕೆ ಆ ಸಾಲುಗಳು ಬೆರೆತದ್ದೂ ಒಂದು ಕಾರಣವಿರಬೇಕು.

ಈ ರೋಗದ ಮಟ್ಟಿಗೆ ಮನುಷ್ಯರ ಜ್ವರಕ್ಕಿಂತ ಮುಂಚಿನ ಸುಳಿವು ಇನ್ನೊಂದಿದೆ. ಅದು ಮಂಗಗಳ ಸಾವು. 2012ರಲ್ಲಿ ಬಂಡೀಪುರದ ಸತ್ತ ಮಂಗಗಳಲ್ಲಿ ವೈರಾಣು ಸಿಕ್ಕಿತು. ನಂತರದ ವರ್ಷಗಳಲ್ಲಿ ವಯನಾಡು, ಗೋವಾ, ಸಿಂಧುದುರ್ಗಗಳಿಂದ ರೋಗದ ವರದಿ ಬಂತು. ಮಂಗದ ಹೆಣವನ್ನು ಮೊದಲು ಕಾಣುವವರು ವೈದ್ಯರಲ್ಲ, ಕಾಡಿಗೆ ಹೋಗುವ ಜನ. ಅವರ ಬಾಯಿಮಾತು ಆರೋಗ್ಯ ಕೇಂದ್ರ ತಲುಪಲು ಯಾವ ನಮೂನೆಯೂ ಬೇಕಿಲ್ಲ. ಡಿಸೆಂಬರಿನಿಂದ ಮೇವರೆಗಿನ ಹಂಗಾಮಿನಲ್ಲಿ ಸತ್ತ ಮಂಗ ಕಂಡವರು ಅದನ್ನು ಮುಟ್ಟದೆ, ಅದೇ ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಬೇಕು.