ವಲಸಿಗರ ಆರೋಗ್ಯ ಮತ್ತು ಸಮಾಜಸೇವೆ: ಒಂದು ಚಾರಿತ್ರಿಕ ನೋಟ

ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನಿಗೆ ಸಮಾರಿಯದವನು ಎಣ್ಣೆ ಹೊಯ್ದು ಗಾಯ ಕಟ್ಟಿದನೆಂಬುದನ್ನು ನಾವೆಲ್ಲರೂ ಬಲ್ಲೆವು. ಅವನ ಉಪಕಾರ ಅಲ್ಲಿಗೆ ಮುಗಿಯಲಿಲ್ಲ. ಗಾಯಾಳುವನ್ನು ಛತ್ರಕ್ಕೆ ಕರೆದೊಯ್ದು, ಛತ್ರದವನಿಗೆ ಎರಡು ನಾಣ್ಯಗಳನ್ನಿತ್ತು, ಹೆಚ್ಚಿನ ವೆಚ್ಚವನ್ನು ಮರಳಿ ಬರುವಾಗ ತೀರಿಸುವುದಾಗಿ ಮಾತುಕೊಟ್ಟನು. ಗಾಯ ಕಟ್ಟುವುದು ವೈದ್ಯನ ಕಾರ್ಯ. ಗಾಯಾಳುವಿನ ಮುಂದಿನ ದಿನಗಳ ಹೊಣೆ ಹೊರುವುದು ಸಮಾಜಸೇವಕನ ಕಾರ್ಯ. ಪರನಾಡಿನಲ್ಲಿ ರೋಗಿಯಾದವನಿಗೆ ಎರಡನೆಯದಿಲ್ಲದೆ ಮೊದಲನೆಯದು ಫಲಿಸದೆಂಬುದಕ್ಕೆ ಅಮೆರಿಕಾದ ವಲಸಿಗರ ಚರಿತ್ರೆಯೇ ಸಾಕ್ಷಿ.

1892ರ ಜನವರಿ 1ರಂದು ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ವಲಸಿಗರ ತಪಾಸಣಾ ಕೇಂದ್ರ ತೆರೆಯಿತು. 1954ರಲ್ಲಿ ಮುಚ್ಚುವವರೆಗೆ ಸುಮಾರು 1 ಕೋಟಿ 20 ಲಕ್ಷ ಜನರು ಅದರ ಮೂಲಕ ಹಾದುಹೋದರು. ವೈದ್ಯರು ಸಾಲಿನಲ್ಲಿ ಬರುವವರನ್ನು ಕ್ಷಣಮಾತ್ರ ನೋಡಿ, ಸಂಶಯ ಬಂದವರ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದರು. ದ್ವೀಪದಲ್ಲಿ ಆಸ್ಪತ್ರೆಯೂ ನಿರ್ಮಾಣವಾಯಿತು. ಆದರೆ ತಪಾಸಣೆಯ ಮುಖ್ಯ ಪ್ರಶ್ನೆ, ಇವನು ದುಡಿಯಬಲ್ಲನೇ, ಇತರರಿಗೆ ರೋಗ ಹರಡುವನೇ ಎಂಬುದು. ಒಳಗೆ ಬಂದವನು ಮುಂದೆ ಗಾಳಿ ಬೆಳಕಿಲ್ಲದ ಬಾಡಿಗೆ ಕೋಣೆಯಲ್ಲಿ ಹಾಸಿಗೆ ಹಿಡಿದರೆ ಯಾರು ದಿಕ್ಕೆಂಬುದನ್ನು ಅಲ್ಲಿ ಯಾರೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ಕೇಳಿದವರಲ್ಲಿ ಇಟಲಿಯ ಮದರ್ ಫ್ರಾನ್ಸೆಸ್ ಕ್ಸೇವಿಯರ್ ಕ್ಯಾಬ್ರಿನಿ ಒಬ್ಬರು. ಚೀನಾದೇಶದಲ್ಲಿ ಸೇವೆ ಸಲ್ಲಿಸುವುದು ಅವರ ಬಯಕೆಯಾಗಿತ್ತು. ಜಗದ್ಗುರು 13ನೆಯ ಲಿಯೋರವರು ಅವರನ್ನು ಪಶ್ಚಿಮಕ್ಕೆ ಕಳುಹಿಸಿದರು. 1889ರಲ್ಲಿ ಆರು ಮಂದಿ ಧರ್ಮಭಗಿನಿಯರೊಡನೆ ಅವರು ನ್ಯೂಯಾರ್ಕಿಗೆ ಬಂದಿಳಿದರು. ಇಟಲಿಯ ಬಡ ಕೂಲಿಕಾರರು ತಮ್ಮ ನೋವನ್ನು ಹೇಳಿದರೆ ತಿಳಿಯುವವರಿಲ್ಲದ ಆ ನಗರದಲ್ಲಿ 1892ರಲ್ಲಿ ಕೊಲಂಬಸ್ ಆಸ್ಪತ್ರೆಯು ಅವರ ನೇತೃತ್ವದಲ್ಲಿ ಆರಂಭವಾಯಿತು. ಅನಾಥಾಲಯ, ಶಾಲೆಗಳೂ ಜೊತೆಜೊತೆಗೇ ಬೆಳೆದವು. ತಾಯಿ ಆಸ್ಪತ್ರೆಯಲ್ಲಿದ್ದರೆ ಮಕ್ಕಳ ಪಾಡೇನೆಂಬುದನ್ನು ಅವರು ಮರೆಯಲಿಲ್ಲ. 1946ರಲ್ಲಿ ಅವರು ಸಂತರೆಂದು ಘೋಷಿತರಾದರು. 1950ರಲ್ಲಿ ವಲಸಿಗರ ಪಾಲಕಿಯೆಂಬ ಸ್ಥಾನ ಅವರಿಗೆ ಸಂದಿತು.

ಸಭೆಯ ಹೊರಗೂ ಇದೇ ಅರಿವು ಮೂಡಿತು. 1893ರಲ್ಲಿ ಲಿಲಿಯನ್ ವಾಲ್ಡ್ ಎಂಬ ದಾದಿಯು ಅದೇ ನಗರದ ವಲಸಿಗರ ಕೇರಿಯಲ್ಲಿಯೇ ನೆಲೆಸಿ, ಮನೆಮನೆಗೆ ಹೋಗಿ ರೋಗಿಗಳ ಶುಶ್ರೂಷೆ ಮಾಡತೊಡಗಿದರು. ಬಾಸ್ಟನ್ನಿನಲ್ಲಿ ಡಾಕ್ಟರ್ ರಿಚರ್ಡ್ ಕ್ಯಾಬಟ್, ವಿಶ್ರಾಂತಿ ಮತ್ತು ಪುಷ್ಟಿಕರ ಆಹಾರವನ್ನು ವಿಧಿಸುವ ಚೀಟಿಯು ದಿನಗೂಲಿಯವನಿಗೆ ವ್ಯರ್ಥವೆಂದು ಕಂಡುಕೊಂಡರು. 1905ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರೋಗಿಯ ಮನೆ, ಕೆಲಸ, ಸಂಸಾರಗಳನ್ನು ವಿಚಾರಿಸಲು ಅವರು ಸಮಾಜಸೇವಕಿಯನ್ನು ನೇಮಿಸಿದರು. ಮರುವರ್ಷ ಅಲ್ಲಿಗೆ ಬಂದ ಐಡಾ ಕ್ಯಾನನ್ ಈ ಸೇವೆಯನ್ನು ಒಂದು ಶಿಸ್ತುಬದ್ಧ ವೃತ್ತಿಯಾಗಿ ಬೆಳೆಸಿದರು.

ಈ ವಿದ್ಯೆ ನಮ್ಮ ನಾಡಿಗೂ ಬಂದಿದೆ. ಮಂಗಳೂರಿನ ರೋಶನಿ ನಿಲಯವು 1960ರಿಂದ ಸಮಾಜಕಾರ್ಯದ ಶಿಕ್ಷಣ ನೀಡುತ್ತಿದೆ. ಅದರ ಅಗತ್ಯವೂ ನಮ್ಮ ಬಾಗಿಲಿಗೇ ಬಂದಿದೆ. ಅಸ್ಸಾಂ, ಜಾರ್ಖಂಡ್, ಒಡಿಶಾಗಳ ಕಾರ್ಮಿಕರು ನಮ್ಮ ಕಾಫಿ ತೋಟಗಳಲ್ಲಿಯೂ ಕಟ್ಟಡ ಕೆಲಸಗಳಲ್ಲಿಯೂ ದುಡಿಯುತ್ತಿದ್ದಾರೆ. ಇವರು ಗಡಿ ದಾಟಿದ ಪರದೇಶಿಗಳಲ್ಲ, ನಮ್ಮ ದೇಶದವರೇ. ಆದರೂ ಭಾಷೆ ತಿಳಿಯದ ಊರಿನಲ್ಲಿ ರೋಗಿಯ ಸಂಕಟ ಒಂದೇ. ಕ್ಷಯರೋಗಕ್ಕೆ ಸರ್ಕಾರ ಉಚಿತವಾಗಿ ಔಷಧ ಕೊಡುತ್ತದೆ. ಸಾಮಾನ್ಯವಾಗಿ 6 ತಿಂಗಳು ಬಿಡದೆ ಸೇವಿಸಬೇಕಾದ ಆ ಔಷಧವನ್ನು, ಕೆಲಸ ಮುಗಿದೊಡನೆ ಊರು ಬದಲಿಸುವವನು ಹೇಗೆ ಪೂರೈಸಬಲ್ಲನು? ಚಿಕಿತ್ಸೆಯನ್ನು ಮುಂದಿನ ಊರಿನ ಆರೋಗ್ಯ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳುವ ಅವಕಾಶವುಂಟು. ಅದನ್ನು ಅವನ ಭಾಷೆಯಲ್ಲಿ ತಿಳಿಸಿ, ಜೊತೆಗೆ ಹೋಗಿ ಬರೆಯಿಸಿಕೊಡುವವರು ಬೇಕು.

ಪ್ರಿಯ ಭಕ್ತಾದಿಗಳೇ, ಶತಮಾನ ಕಂಡ ನಮ್ಮ ದೇವಾಲಯದ ಕೊನೆಯ ಬೆಂಚಿನಲ್ಲಿ ಭಾನುವಾರ ಮೌನವಾಗಿ ಕುಳಿತು ಹೋಗುವ ಹೊಸಬರಿದ್ದರೆ, ಅವರ ಹೆಸರನ್ನೂ ವಾಸಸ್ಥಳವನ್ನೂ ಕೇಳಿ ತಿಳಿಯೋಣ. ಛತ್ರದವನಿಗೆ ಮಾತುಕೊಟ್ಟ ಆ ಸಮಾರಿಯದವನ ಕಾರ್ಯ ಅಲ್ಲಿಂದಲೇ ಆರಂಭವಾಗುತ್ತದೆ.