ಶಿಕ್ಷಣ ಹಕ್ಕಿನ ಅಧಿನಿಯಮ ಮತ್ತು ಶಾಲಾ ಸಮುದಾಯ

ಶಿಕ್ಷಣ ಹಕ್ಕಿನ ಅಧಿನಿಯಮ: ಆರರಿಂದ ಹದಿನಾಲ್ಕು ವರ್ಷ ವಯಸ್ಸಿನ ಪ್ರತಿಯೊಂದು ಮಗುವಿಗೂ ಎಂಟನೆಯ ತರಗತಿ ಮುಗಿಯುವವರೆಗೆ ನೆರೆಹೊರೆಯ ಶಾಲೆಯಲ್ಲಿ ಶುಲ್ಕವಿಲ್ಲದ ವಿದ್ಯಾಭ್ಯಾಸ ದೊರೆಯತಕ್ಕದ್ದೆಂದು ವಿಧಿಸುವ ಭಾರತದ ಶಾಸನ. ಇದರ ಪೂರ್ಣನಾಮ ‘ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮ, 2009’. ಆ ವರ್ಷದ ಆಗಸ್ಟ್ 26ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆದು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇದನ್ನು ಜನ ಆರ್‌ಟಿಇ ಎಂಬ ಮೂರಕ್ಷರಗಳಿಂದಲೇ ಕರೆಯುವುದು ವಾಡಿಕೆ. ಕರ್ನಾಟಕದ ಪಟ್ಟಣಗಳಲ್ಲಂತೂ ಬಹುಕಾಲ ಈ ಮೂರಕ್ಷರಗಳಿಗೆ ಖಾಸಗಿ ಶಾಲೆಯ ಉಚಿತ ಸೀಟು ಎಂಬುದೊಂದೇ ಅರ್ಥವಿದ್ದಿತು. ಶಾಸನದ ವ್ಯಾಪ್ತಿ ಅದಕ್ಕಿಂತ ಬಹಳ ಹಿರಿದು. ಮಗು, ಪೋಷಕ, ಉಪಾಧ್ಯಾಯ, ಸ್ಥಳೀಯ ಸಂಸ್ಥೆ, ಸರ್ಕಾರ ಎಂದು ಶಾಲೆಯನ್ನು ಸುತ್ತುವರಿದ ಐವರಲ್ಲಿ ಯಾರಿಗೆ ಯಾವ ಹಕ್ಕು, ಯಾರ ಮೇಲೆ ಯಾವ ಹೊಣೆ ಎಂಬುದನ್ನು ಅದು ಒಂದೆಡೆ ಬರೆದಿಟ್ಟಿದೆ.

ಕಡ್ಡಾಯ ಶಿಕ್ಷಣದ ವಿಚಾರ ಈ ದೇಶಕ್ಕೆ ಹೊಸದಲ್ಲ. ಬರೋಡದ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಅದನ್ನು ಪ್ರಯೋಗಿಸಿ ನೋಡಿ, 1906ರಲ್ಲಿ ಸಂಸ್ಥಾನಕ್ಕೆಲ್ಲ ವಿಸ್ತರಿಸಿದ್ದರು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಕೇಂದ್ರ ಶಾಸನಸಭೆಯ ಮುಂದಿಟ್ಟ ಪ್ರಾಥಮಿಕ ಶಿಕ್ಷಣದ ಮಸೂದೆಗಾದರೋ ಮರುವರ್ಷ ಸಿಕ್ಕಿದ್ದು ಹದಿಮೂರೇ ಮತ. ವಿರುದ್ಧವಾಗಿ ಮೂವತ್ತೆಂಟು ಬಿದ್ದುವು. ಬ್ರಿಟಿಷ್ ಇಂಡಿಯ ಒಲ್ಲೆನೆಂದುದನ್ನು ಮೈಸೂರು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913ರ ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್ನಿನ ಮೂಲಕ ಆಯ್ದ ಕೇಂದ್ರಗಳಲ್ಲಿ ಕೈಗೊಂಡಿತು. ಸ್ವತಂತ್ರ ಭಾರತದ ಸಂವಿಧಾನವು ಹದಿನಾಲ್ಕು ವರ್ಷದವರೆಗಿನ ಮಕ್ಕಳೆಲ್ಲರಿಗೂ ಹತ್ತು ವರ್ಷಗಳೊಳಗಾಗಿ ಉಚಿತ ಶಿಕ್ಷಣವನ್ನು ಒದಗಿಸಲು ರಾಜ್ಯವು ಯತ್ನಿಸತಕ್ಕದ್ದೆಂದು ತನ್ನ 45ನೆಯ ಅನುಚ್ಛೇದದಲ್ಲಿ ಸಾರಿತಾದರೂ, ಆ ಮಾತು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳ ಸಾಲಿನಲ್ಲಿದ್ದುದರಿಂದ ಅದನ್ನು ಹಿಡಿದು ನ್ಯಾಯಾಲಯದ ಮೆಟ್ಟಿಲೇರುವಂತಿರಲಿಲ್ಲ. 1960ರಲ್ಲಿ ಗಡುವು ಸದ್ದಿಲ್ಲದೆ ಕಳೆದುಹೋಯಿತು. ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜೊಂದು ಕೇಳಿದ ವಂತಿಗೆಯ ವ್ಯಾಜ್ಯದಿಂದ ಹುಟ್ಟಿದ 1992ರ ಮೋಹಿನಿ ಜೈನ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಕರೆದು, ಮರುವರ್ಷದ ಉನ್ನಿಕೃಷ್ಣನ್ ತೀರ್ಪಿನಲ್ಲಿ ಅದನ್ನು ಹದಿನಾಲ್ಕನೆಯ ವಯಸ್ಸಿಗೆ ಸೀಮಿತಗೊಳಿಸಿತು. 2002ರ ಎಂಬತ್ತಾರನೆಯ ತಿದ್ದುಪಡಿಯಿಂದ 21-ಎ ಅನುಚ್ಛೇದ ಸಂವಿಧಾನವನ್ನು ಸೇರಿತು. ಅದನ್ನು ಕಾರ್ಯಗತಗೊಳಿಸುವ ಶಾಸನಕ್ಕೆ ಇನ್ನೂ ಏಳು ವರ್ಷ ಹಿಡಿಯಿತು.

ಈ ಶಾಸನದಲ್ಲಿ ಎಲ್ಲಕ್ಕಿಂತ ಗಮನಾರ್ಹವಾದುದು ‘ಕಡ್ಡಾಯ’ ಎಂಬ ಶಬ್ದದ ಅರ್ಥಪಲ್ಲಟ. 1961ರ ಮೈಸೂರು ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯೇ ಮೊದಲಾದ ಹಿಂದಿನ ಶಾಸನಗಳಲ್ಲಿ ಕಡ್ಡಾಯವೆಂಬುದು ತಂದೆತಾಯಿಗಳ ಮೇಲಿನ ನಿರ್ಬಂಧವಾಗಿದ್ದಿತು: ಮಗನನ್ನು ದನ ಕಾಯಲು ಕಳುಹಿಸಿದವನಿಗೆ ಹಾಜರಾತಿಯ ಆಜ್ಞೆ, ಆಜ್ಞೆಯನ್ನು ಮೀರಿದರೆ ಜುಲ್ಮಾನೆ. 2009ರ ಅಧಿನಿಯಮದ ಎಂಟನೆಯ ಪ್ರಕರಣವು ಆ ಶಬ್ದವನ್ನು ಸರ್ಕಾರದ ಕಡೆಗೆ ತಿರುಗಿಸಿದೆ. ಶಾಲೆಯನ್ನು ಒದಗಿಸುವುದಷ್ಟೇ ಅಲ್ಲದೆ, ಮಗು ಸೇರುವಂತೆ, ದಿನವೂ ಬರುವಂತೆ, ಓದನ್ನು ಮುಗಿಸುವಂತೆ ನೋಡಿಕೊಳ್ಳುವುದೂ ಸರ್ಕಾರದ ಬಾಧ್ಯತೆಯಾಯಿತು. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಹತ್ತನೆಯ ಪ್ರಕರಣ ಹೇಳುತ್ತದೆ, ಸಂವಿಧಾನದ ಮೂಲಭೂತ ಕರ್ತವ್ಯಗಳ ಪಟ್ಟಿಯಲ್ಲಿಯೂ ಆ ಮಾತಿದೆ; ಆದರೆ ತಪ್ಪಿದವರಿಗೆ ದಂಡವೇನೆಂಬುದನ್ನು ಅಧಿನಿಯಮ ಹೇಳುವುದಿಲ್ಲ. ಇದನ್ನು ಶಾಸನದ ದೌರ್ಬಲ್ಯವೆನ್ನುವವರುಂಟು. ಕಬ್ಬು ಕಡಿಯುವುದಕ್ಕೂ ಇಟ್ಟಿಗೆ ಸುಡುವುದಕ್ಕೂ ವರ್ಷದಲ್ಲಿ ಆರು ತಿಂಗಳು ಊರು ಬಿಟ್ಟು ಹೋಗುವ ಸಂಸಾರಕ್ಕೆ ಜುಲ್ಮಾನೆ ಹಾಕಿ ವಿದ್ಯೆ ಕಲಿಸಿದ ಸರ್ಕಾರ ಯಾವುದೂ ಇಲ್ಲವಾದುದರಿಂದ, ಇದು ವಿವೇಕವೆಂದೇ ತೋರುತ್ತದೆ. ಅಂಥ ಮಗು ವರ್ಷದ ಯಾವ ತಿಂಗಳಲ್ಲಿ ಬಂದರೂ, ವರ್ಗಾವಣೆ ಪತ್ರವಿಲ್ಲದಿದ್ದರೂ, ಜನ್ಮದಿನದ ದಾಖಲೆಯಿಲ್ಲದಿದ್ದರೂ ಪ್ರವೇಶವನ್ನು ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಿ, ಹಿಂದೆ ಬಿದ್ದ ಪಾಠಗಳಿಗೆ ವಿಶೇಷ ತರಬೇತಿಯನ್ನು ಕೊಡತಕ್ಕದ್ದು. ಹೊಡೆಯುವುದನ್ನೂ ಮನಸ್ಸು ನೋಯುವಂತೆ ಹಿಂಸಿಸುವುದನ್ನೂ ಹದಿನೇಳನೆಯ ಪ್ರಕರಣ ನಿಷೇಧಿಸಿದೆ.

ಸರ್ಕಾರವನ್ನು ಹೊಣೆಗಾರನನ್ನಾಗಿ ಮಾಡಿದ ಮೇಲೆ ಅದರ ಮೇಲೆ ಕಣ್ಣಿಡುವವರು ಬೇಕಷ್ಟೆ. ಆ ಕೆಲಸವನ್ನು ಇಪ್ಪತ್ತೊಂದನೆಯ ಪ್ರಕರಣವು ಶಾಲಾ ನಿರ್ವಹಣಾ ಸಮಿತಿಗೆ ವಹಿಸಿದೆ. ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಅಲ್ಲಿ ಓದುವ ಮಕ್ಕಳ ತಂದೆತಾಯಿಗಳು ಅಥವಾ ಪೋಷಕರೇ ಆಗಿರಬೇಕು, ಅರ್ಧದಷ್ಟು ಮಂದಿ ಸ್ತ್ರೀಯರಾಗಿರಬೇಕು, ದುರ್ಬಲ ವರ್ಗದವರಿಗೆ ಅವರ ಮಕ್ಕಳ ಸಂಖ್ಯೆಗೆ ಅನುಗುಣವಾಗಿ ಸ್ಥಾನವಿರಬೇಕು. ಶಾಲೆಯ ನಡೆವಳಿಕೆಯನ್ನು ಗಮನಿಸುವುದು, ಅಭಿವೃದ್ಧಿ ಯೋಜನೆಯನ್ನು ರಚಿಸುವುದು, ಬಂದ ಅನುದಾನ ಹೇಗೆ ವೆಚ್ಚವಾಯಿತೆಂದು ನೋಡುವುದು ಅದರ ಕೆಲಸ.

ಕರ್ನಾಟಕಕ್ಕೆ ಇದು ಅಪರಿಚಿತವಾಗಿರಲಿಲ್ಲ. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ರಾಜ್ಯ ಸರ್ಕಾರವು 2001ರ ಏಪ್ರಿಲ್ 28ರ ಆದೇಶದಿಂದ, ಇಡೀ ಗ್ರಾಮಕ್ಕೊಂದರಂತಿದ್ದ ಗ್ರಾಮ ಶಿಕ್ಷಣ ಸಮಿತಿಗಳಿಗೆ ಬದಲಾಗಿ ಪ್ರತಿ ಶಾಲೆಗೂ ‘ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ’ಯನ್ನು ಏರ್ಪಡಿಸಿದ್ದಿತು. ಅಧಿನಿಯಮ ಬಂದಾಗ ಇತರ ರಾಜ್ಯಗಳು ಹೊಸ ಸಮಿತಿಯನ್ನು ಹುಡುಕುತ್ತಿದ್ದರೆ ಇಲ್ಲಿ ಎಸ್‌ಡಿಎಂಸಿ ಎಂಬ ಹೆಸರು ಆಗಲೇ ಊರವರ ಬಾಯಲ್ಲಿ ನಿಂತಿದ್ದಿತು. ಪೋಷಕರಲ್ಲೊಬ್ಬರು ಅಧ್ಯಕ್ಷರು, ಮುಖ್ಯೋಪಾಧ್ಯಾಯರು ಕಾರ್ಯದರ್ಶಿ.

ಸಮಿತಿಯ ಸಭೆಯನ್ನು ಕಂಡವರಿಗೆ ಬರೆದ ವಿಧಿಗೂ ನಡೆವ ವಾಡಿಕೆಗೂ ಇರುವ ಅಂತರ ಗೊತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಕುರ್ಚಿ ಹಾಕಿರುತ್ತಾರೆ. ಕುರ್ಚಿಗಳಲ್ಲಿ ಗಂಡಸರು, ಕೆಳಗೆ ಜಮಖಾನೆಯ ಮೇಲೆ ಹೆಂಗಸರು. ಸದಸ್ಯೆಯ ಹೆಸರು ಕೂಗಿದರೆ ಗಂಡನೇ ಉತ್ತರ ಕೊಡುವುದುಂಟು. ಕೂಲಿ ಬಿಟ್ಟು ಬಂದವಳು ನಡಾವಳಿ ಪುಸ್ತಕದಲ್ಲಿ ರುಜು ಹಾಕಿ, ಒಲೆ ಹೊತ್ತಿಸುವ ಹೊತ್ತಾಯಿತೆಂದು ಎದ್ದು ಹೋಗುತ್ತಾಳೆ. ಅವಳು ಹೋದ ಮೇಲೆ ನಿರ್ಣಯಗಳನ್ನು ಬರೆಯುತ್ತಾರೆ. ಆದರೂ ಈ ಜಗಲಿಯಲ್ಲಿಯೇ, ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ಮೇಷ್ಟರ ಬೀರುವಿನಲ್ಲಿ ಏಕಿದೆಯೆಂದು ಯಾವಳೋ ಒಬ್ಬ ತಾಯಿ ಕೇಳಿಬಿಟ್ಟರೆ, ಮರುದಿನ ಬೀಗ ತೆರೆದಿರುತ್ತದೆ. ಅಧಿನಿಯಮದ ಅನುಸೂಚಿಯಲ್ಲಿ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡಿಗೆಮನೆ, ಆಟದ ಬಯಲು, ಆವರಣದ ಗೋಡೆ ಅಥವಾ ಬೇಲಿ ಎಂದು ಪಟ್ಟಿ ಇರುವುದು ಇಂತಹ ಪ್ರಶ್ನೆಗೆ ಆಧಾರವಾಗಲೆಂದೇ.

ಉಪಾಧ್ಯಾಯರ ಬಾಧ್ಯತೆಗಳನ್ನು ಇಪ್ಪತ್ತನಾಲ್ಕನೆಯ ಪ್ರಕರಣ ಎಣಿಸುತ್ತದೆ: ಹೊತ್ತಿಗೆ ಸರಿಯಾಗಿ ಬರುವುದು, ಪಾಠವನ್ನು ಅವಧಿಯೊಳಗೆ ಮುಗಿಸುವುದು, ಪ್ರತಿ ಮಗುವಿನ ಕಲಿಕೆಯನ್ನು ಅಳೆದು ನೋಡುವುದು, ಪೋಷಕರನ್ನು ನಿಯತವಾಗಿ ಕಂಡು ಮಾತಾಡುವುದು. ಖಾಸಗಿ ಮನೆಪಾಠ ನಿಷಿದ್ಧ. ಇದಕ್ಕೆ ಪ್ರತಿಯಾಗಿ ಅವರಿಗೂ ಕೆಲವು ರಕ್ಷಣೆಗಳಿವೆ: ಕಿರಿಯ ತರಗತಿಗಳಲ್ಲಿ ಅರುವತ್ತು ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು, ಖಾಲಿ ಹುದ್ದೆ ಶೇಕಡ ಹತ್ತನ್ನು ಮೀರಕೂಡದು, ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇವನ್ನುಳಿದು ಶಾಲೆಗೆ ಸಂಬಂಧಿಸದ ಕೆಲಸಕ್ಕೆ ಕಳುಹಿಸಕೂಡದು. ಈ ಕೊನೆಯ ಮಾತು ಎಷ್ಟು ಸಡಿಲವಾಗಿ ಪಾಲನೆಯಾಗುತ್ತಿದೆಯೆಂಬುದಕ್ಕೆ, 2025ರಲ್ಲಿ ಕರ್ನಾಟಕದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಉಪಾಧ್ಯಾಯರು ಮನೆಮನೆ ತಿರುಗಿದುದನ್ನೂ, ಅದಕ್ಕಾಗಿ ದಸರಾ ರಜೆಯೇ ಬೆಳೆದುದನ್ನೂ ನೆನೆದರೆ ಸಾಕು.

ಖಾಸಗಿ ಶಾಲೆಗಳ ಪ್ರಶ್ನೆ ಹೆಚ್ಚು ಸದ್ದು ಮಾಡಿತು. ಅನುದಾನರಹಿತ ಶಾಲೆಗಳು ಒಂದನೆಯ ತರಗತಿಯ ಸ್ಥಾನಗಳಲ್ಲಿ ಕನಿಷ್ಠ ಶೇಕಡ 25ನ್ನು ನೆರೆಯ ಬಡ ಮಕ್ಕಳಿಗೆ ಕೊಡಬೇಕೆಂಬ ವಿಧಿಯನ್ನು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಎತ್ತಿಹಿಡಿಯಿತು. 2014ರ ಮೇ 6ರಂದು ಸಂವಿಧಾನ ಪೀಠವು ಅಲ್ಪಸಂಖ್ಯಾತರ ಶಾಲೆಗಳು ಅಧಿನಿಯಮದ ಹೊರಗೆಂದು ತೀರ್ಪಿತ್ತಿತು. ಕರ್ನಾಟಕದ ಮಾತೃಭಾಷಾ ಮಾಧ್ಯಮ ನೀತಿಯನ್ನು ತಳ್ಳಿಹಾಕಿದ ತೀರ್ಪೂ ಅದೇ ಪೀಠದಿಂದ ಅದೇ ದಿನ ಹೊರಬಿದ್ದುದನ್ನು ಕನ್ನಡಿಗರು ಮರೆತಿಲ್ಲ. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲವೆಂದು ರಾಜ್ಯವು ನಿಯಮವನ್ನು ತಿದ್ದಿತು. 2019ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಒಪ್ಪಿತು. ಆ ಬಳಿಕ ಸೀಟಿನ ಗದ್ದಲ ಅಡಗಿತು. ಸರ್ಕಾರಿ ಶಾಲೆಯನ್ನು ಸರಿಪಡಿಸುವ ಹೊಣೆ ಮಾತ್ರ ಸಮಿತಿಗಳ ಹೆಗಲಿನಿಂದ ಇಳಿಯಲಿಲ್ಲ. ಯಾವ ಮಗುವನ್ನೂ ಅನುತ್ತೀರ್ಣಗೊಳಿಸಕೂಡದೆಂಬ ಮೂಲ ವಿಧಿ 2019ರಲ್ಲಿಯೇ ತಿದ್ದುಪಡಿಯಾಗಿ, ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆಯೂ, ತಪ್ಪಿದವರಿಗೆ ಎರಡು ತಿಂಗಳೊಳಗೆ ಮರುಪರೀಕ್ಷೆಯೂ ಬಂದುವು.

ಹಕ್ಕು ತಪ್ಪಿದಾಗ ಎಲ್ಲಿಗೆ ಹೋಗಬೇಕೆಂಬುದು ಮೂವತ್ತೆರಡನೆಯ ಪ್ರಕರಣದಲ್ಲಿದೆ. ಮಗುವಿನ ಪರವಾಗಿ ಯಾರಾದರೂ ಸ್ಥಳೀಯ ಪ್ರಾಧಿಕಾರಕ್ಕೆ ದೂರು ಕೊಡಬಹುದು; ಪ್ರಾಧಿಕಾರವು ಎರಡೂ ಕಡೆಯವರ ಮಾತನ್ನು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸತಕ್ಕದ್ದು; ಒಪ್ಪದವರು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಜಗಲಿಯಲ್ಲಿ ಆಡಿದ ಮಾತು ದೂರೆನಿಸುವುದಿಲ್ಲ. ಅರ್ಜಿ ಬರಹದಲ್ಲಿಯೇ ಇರಬೇಕು.