ನ್ಯಾಯಭವನದಲ್ಲಿ ಧರ್ಮಶಿಲೆ: ಅಲಬಾಮಾ ವ್ಯಾಜ್ಯದ ಒಂದು ವಿವೇಚನೆ

ಸರ್ಕಾರದ ಕಟ್ಟಡದೊಳಗೆ ಒಂದು ಮತದ ಸ್ಮಾರಕ ನಿಲ್ಲಬಹುದೆ ಎಂಬ ಪ್ರಶ್ನೆಯನ್ನು ಕೇವಲ ತತ್ತ್ವದ ನೆಲೆಯಲ್ಲಿ ಬಿಡಿಸಲು ಹೊರಟರೆ ವಾದಕ್ಕೆ ಕೊನೆಯಿರದು. ಆದುದರಿಂದ ಈ ಲೇಖನದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ಪ್ರಸಿದ್ಧ ವ್ಯಾಜ್ಯವನ್ನು ಆಧಾರವಾಗಿಟ್ಟುಕೊಂಡು, ಶಿಲೆಯ ಮೇಲಿನ ಅಕ್ಷರಗಳಷ್ಟೇ ಅಲ್ಲದೆ, ಅದನ್ನು ಯಾರು, ಎಲ್ಲಿ, ಯಾವ ಆಶಯದಿಂದ ನಿಲ್ಲಿಸಿದರೆಂಬುದೂ ಅದರ ಅರ್ಥವನ್ನು ನಿರ್ಣಯಿಸುತ್ತದೆಂದು ತೋರಿಸಲು ಯತ್ನಿಸಿದೆ.

2001ರ ಜುಲೈ 31ರ ರಾತ್ರಿ ಮಾಂಟ್ಗೊಮರಿ ನಗರದ ಅಲಬಾಮಾ ನ್ಯಾಯಭವನದ ಸಭಾಂಗಣದಲ್ಲಿ, ಆ ವರ್ಷದ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿಯ ಸ್ಥಾನಕ್ಕೆ ಬಂದಿದ್ದ ರಾಯ್ ಮೂರ್, ಉಳಿದ ಎಂಟು ಮಂದಿ ನ್ಯಾಯಮೂರ್ತಿಗಳಿಗೆ ತಿಳಿಸದೆ, 5,280 ಪೌಂಡು ತೂಕದ ಗ್ರಾನೈಟ್ ಸ್ಮಾರಕವೊಂದನ್ನು ಸ್ಥಾಪಿಸಿದರು. ಪಾರ್ಶ್ವಗಳಲ್ಲಿ ರಾಷ್ಟ್ರಪುರುಷರ ವಚನಗಳು. ಓರೆಯಾದ ಶಿರೋಭಾಗದಲ್ಲಿ ಮೋಶೆಯ ಹತ್ತು ಆಜ್ಞೆಗಳನ್ನು ಹೊತ್ತ ಎರಡು ಫಲಕಗಳು. ವ್ಯಾಸಪೀಠದ ಮೇಲೆ ತೆರೆದಿಟ್ಟ ಬೈಬಲ್ಲಿನಂತಿದ್ದ ಆ ಆಕೃತಿಯು ಮಹಾದ್ವಾರಕ್ಕೆ ಇದಿರಾಗಿ ನಿಂತು, ಒಳಬಂದವರ ದೃಷ್ಟಿಯನ್ನು ಮೊದಲು ತನ್ನೆಡೆಗೆ ಸೆಳೆಯುತ್ತಿತ್ತು; ಕೆಲವರು ಅದರ ಮುಂದೆ ನಿಂತು ಪ್ರಾರ್ಥಿಸುವುದೂ ಉಂಟಾಗಿತ್ತು. ಮೂವರು ವಕೀಲರು ಹೂಡಿದ ದಾವೆಯನ್ನು ವಿಚಾರಿಸಿದ ನ್ಯಾಯಾಧೀಶ ಮೈರನ್ ಥಾಂಪ್ಸನ್ ಸ್ವತಃ ಅಲ್ಲಿಗೆ ಹೋಗಿ ನೋಡಿ, ಪವಿತ್ರವಾದುದೊಂದರ ಸನ್ನಿಧಿಯಲ್ಲಿರುವ ಭಾವ ಅಲ್ಲಿ ಉಂಟಾಗುತ್ತದೆಂದು 2002ರ ನವೆಂಬರಿನ ತೀರ್ಪಿನಲ್ಲಿ ದಾಖಲಿಸಿದರು.

ಮೂರ್ ಅವರ ಪಕ್ಷವನ್ನು ಹಗುರವಾಗಿ ಕಾಣಲಾಗದು. ಕಾನೂನಿಗೆ ನೀತಿಯೇ ತಳಹದಿ, ನೀತಿಗೆ ದೇವರೇ ಮೂಲ. ಆ ಸಾರ್ವಭೌಮತ್ವವನ್ನು ಒಪ್ಪಿಕೊಳ್ಳುವುದು ಮತಸ್ಥಾಪನೆಯಲ್ಲ ಎಂಬುದು ಅವರ ವಾದಸಾರ. ಕೊಲ್ಲದಿರು, ಕದಿಯದಿರು ಎಂಬ ವಿಧಿಗಳು ಸಕಲ ಸಮಾಜಗಳಿಗೂ ಸಮಾನವೆಂಬುದು ನಿಜವೇ. ಆದರೆ ಆಜ್ಞೆಗಳಲ್ಲಿ ಮೊದಲಿನವು ಮನುಷ್ಯ ವ್ಯವಹಾರಕ್ಕೆ ಸೇರಿದವಲ್ಲ, ಉಪಾಸನೆಗೆ ಸೇರಿದವು. ಅಷ್ಟೇ ಅಲ್ಲ, ಅವುಗಳ ಗಣನೆಯಲ್ಲಿಯೇ ಭೇದವಿದೆ: ಐಗುಪ್ತದ ದಾಸ್ಯದಿಂದ ಬಿಡಿಸಿದ ದೇವರು ನಾನೆಂಬ ಘೋಷಣೆ ಯೆಹೂದ್ಯರಿಗೆ ಮೊದಲನೆಯದು, ವಿಗ್ರಹನಿಷೇಧವು ಬಹುಮಂದಿ ಪ್ರಾಟೆಸ್ಟೆಂಟರಿಗೆ ಪ್ರತ್ಯೇಕವಾದ ಎರಡನೆಯದು, ಕ್ಯಾಥೊಲಿಕರೂ ಲೂಥರನ ಅನುಯಾಯಿಗಳೂ ಅದನ್ನು ಮೊದಲನೆಯದರಲ್ಲೇ ಅಡಗಿಸಿ, ಕೊನೆಯ ಪರದ್ರವ್ಯಾಪೇಕ್ಷೆಯ ನಿಷೇಧವನ್ನು ಎರಡಾಗಿ ಒಡೆಯುತ್ತಾರೆ. ಒಂದು ಪಾಠವನ್ನು ಕಲ್ಲಿನಲ್ಲಿ ಕೆತ್ತಿಸುವ ರಾಜ್ಯವು, ತಿಳಿದೋ ತಿಳಿಯದೆಯೋ, ಒಂದು ಸಂಪ್ರದಾಯವನ್ನು ವರಿಸಿದಂತಾಗುತ್ತದೆ. ಮಾರ್ಟಿನ್ ಲೂಥರ್ ಕಿಂಗರ ಪ್ರಸಿದ್ಧ ಭಾಷಣದ ಸ್ಮಾರಕವೊಂದನ್ನು ಅದೇ ಸಭಾಂಗಣದಲ್ಲಿಡಬೇಕೆಂಬ ಕೋರಿಕೆಯನ್ನು ಮೂರ್ ನಿರಾಕರಿಸಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ದೈವವಿಧಿಯ ಪಕ್ಕದಲ್ಲಿ ಮನುಷ್ಯನ ಮಾತಿಗೆ ಎಡೆಯಿಲ್ಲವೆಂಬ ಆ ನಿಲುವೇ, ಸ್ಮಾರಕವು ಇತಿಹಾಸದ ಕುರುಹಲ್ಲ, ಶ್ರದ್ಧೆಯ ಪೀಠ ಎಂಬುದಕ್ಕೆ ಸಾಕ್ಷಿ.

ಇದಕ್ಕೆ ಪ್ರತಿಯಾಗಿ ವಾಷಿಂಗ್ಟನ್ನಿನ ಸರ್ವೋಚ್ಚ ನ್ಯಾಯಾಲಯದ ಗೋಡೆಗಳಲ್ಲಿ ಅಡಾಲ್ಫ್ ವೈನ್‌ಮನ್ ರೂಪಿಸಿದ ಶಿಲ್ಪಪಂಕ್ತಿಯಿದೆ. ಅಲ್ಲಿಯೂ ಮೋಶೆಯಿದ್ದಾನೆ, ಆದರೆ ಹಮ್ಮುರಾಬಿ, ಸೋಲೊನ್, ಕನ್‌ಫ್ಯೂಷಿಯಸ್, ಜಸ್ಟೀನಿಯನ್, ನೆಪೋಲಿಯನ್ ಮೊದಲಾದ ಹದಿನೆಂಟು ಧರ್ಮಶಾಸ್ತ್ರಕಾರರ ಸಾಲಿನಲ್ಲಿ ಒಬ್ಬನಾಗಿ. ಆ ಸಾಲು ನೋಡುವವನಿಗೆ ನ್ಯಾಯದ ಚರಿತ್ರೆಯನ್ನು ಹೇಳುತ್ತದೆ. ಯಾರನ್ನು ಪೂಜಿಸಬೇಕೆಂದು ವಿಧಿಸುವುದಿಲ್ಲ. ಇದೇ ವಿವೇಕ 2005ರ ಜೂನ್ 27ರಂದು ಆ ನ್ಯಾಯಾಲಯವಿತ್ತ ಎರಡು ತೀರ್ಪುಗಳಲ್ಲಿಯೂ ಕಾಣುತ್ತದೆ: ಕೆಂಟಕಿಯ ನ್ಯಾಯಾಲಯಗಳಲ್ಲಿ ತೂಗಹಾಕಿದ್ದ ಆಜ್ಞಾಫಲಕಗಳು ಅಸಿಂಧುವಾದವು; ಟೆಕ್ಸಾಸ್ ಶಾಸನಭವನದ ವಿಶಾಲ ಆವರಣದಲ್ಲಿ ಅನೇಕ ಸ್ಮಾರಕಗಳ ನಡುವೆ 1961ರಿಂದ ನಿಂತಿದ್ದ ಶಿಲೆ ಉಳಿಯಿತು. ಎರಡೂ ಐದಕ್ಕೆ ನಾಲ್ಕರ ಬಹುಮತದ ನಿರ್ಣಯಗಳಾದುದರಿಂದ, ಪ್ರಶ್ನೆಯ ಕಾಠಿಣ್ಯವನ್ನು ಯಾರೂ ಅಲ್ಲಗಳೆಯಲಾರರು.

ಅಲಬಾಮಾದ ಸ್ಮಾರಕವನ್ನು ಸಹನ್ಯಾಯಮೂರ್ತಿಗಳ ಆಜ್ಞೆಯಂತೆ 2003ರ ಆಗಸ್ಟ್ 27ರಂದು ಸಭಾಂಗಣದಿಂದ ತೆಗೆಯಲಾಯಿತು. ಅದನ್ನು ತೆಗೆಯಬೇಕೆಂದು ಥಾಂಪ್ಸನ್ ಇತ್ತಿದ್ದ ಆದೇಶವನ್ನು ಪಾಲಿಸದ ಮೂರ್ ನವೆಂಬರಿನಲ್ಲಿ ಪದಚ್ಯುತರಾದರು. ದೇವಾಲಯಕ್ಕೆ ಹೋಗುವವನು ತನ್ನಿಚ್ಛೆಯಿಂದ ಹೋಗುತ್ತಾನೆ. ನ್ಯಾಯಾಲಯಕ್ಕೆ ಬರುವವನು ಬಹುಮಟ್ಟಿಗೆ ವಿಧಿಯಿಲ್ಲದೆ ಬರುತ್ತಾನೆ. ಹಾಗೆ ಬಂದವನಿಗೆ ಹೊಸ್ತಿಲಲ್ಲಿಯೇ ನೀನು ಈ ದೇವರವನೋ ಅಲ್ಲವೋ ಎಂಬ ಸಂಕೋಚವನ್ನುಂಟುಮಾಡುವ ಶಿಲೆ ಎಷ್ಟೇ ಪೂಜ್ಯವಾಗಿರಲಿ, ಅದರ ಸ್ಥಾನ ಅಲ್ಲಿಲ್ಲ.